ರಜೆ ಬಂತು, ನೆಗಡಿಯೂ ಬಂತು

ಗಲ್ಫ್‌ನಲ್ಲಿ ದುಡಿಯುವವರಿಗೆ ಊರಿನ ರಜೆ ಎಂದರೆ ಎಲ್ಲ ಹಬ್ಬಗಳಿಗಿಂತ ದೊಡ್ಡ ಹಬ್ಬ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವ ಆ ಮೂವತ್ತು ದಿನಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತೇವೆ. ರಜೆ ಮಂಜೂರಾದ ದಿನದಿಂದಲೇ ಓಟ ಶುರು. ಟಿಕೆಟ್ ದರ ಇಳಿಯುತ್ತದೋ ಏರುತ್ತದೋ ಎಂದು ದಿನಕ್ಕೆ ಹತ್ತು ಸಲ ಮೊಬೈಲ್ ನೋಡುವುದು, ಹೋಗುವ ಮುಂಚೆ ಕೆಲಸ ಮುಗಿಸಿಕೊಡಲು ಓವರ್‌ಟೈಮ್, ಡ್ಯೂಟಿ ಮುಗಿಸಿ ರಾತ್ರಿ ಶಾಪಿಂಗ್, ಮೂವತ್ತು ಕಿಲೋ ಲಗೇಜನ್ನು ರೂಮಿನ ತೂಕದ ಯಂತ್ರದಲ್ಲಿ ನಾಲ್ಕು ಸಲ ತೂಗುವುದು, ನಡುರಾತ್ರಿಯ ವಿಮಾನ. ಮನೆ ತಲುಪಿ ಅಮ್ಮನ ಕೈಯ ಊಟ ಎರಡು ದಿನ ಆಗಿರುತ್ತದೆ, ಮೂರನೆಯ ದಿನ ಗಂಟಲು ಕೆರೆತ, ಮೈಕೈ ನೋವು, ಜ್ವರ. "ಊರಿನ ನೀರು ಹಿಡಿಸಲಿಲ್ಲ", "ಹವೆ ಬದಲಾಯಿತು", "ಯಾರದೋ ಕಣ್ಣು ಬಿತ್ತು" ಎಂದು ಮನೆಯವರು ತಲೆಗೊಂದು ಕಾರಣ ಹೇಳುತ್ತಾರೆ.

ಆದರೆ ನೆಗಡಿಯ ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಫ್ಲೂ ಜ್ವರಕ್ಕೆ ಒಂದರಿಂದ ನಾಲ್ಕು ದಿನ. ಲೆಕ್ಕ ಹಾಕಿ ನೋಡಿ. ಮೂರನೆಯ ದಿನ ಮಲಗಿಸಿದ ಜ್ವರ ಬಹುತೇಕ ವಿಮಾನದ ಸಾಲಿನಲ್ಲೋ, ಮಾಲ್‌ನ ಜನಜಂಗುಳಿಯಲ್ಲೋ, ಕ್ಯಾಂಪಿನ ರೂಮಿನಲ್ಲೋ ಹತ್ತಿಕೊಂಡದ್ದು. ವೈರಸ್ ಎಲ್ಲರ ಮೂಗಿಗೂ ಬರುತ್ತದೆ. ಕೆಲವರನ್ನು ಮಾತ್ರ ಮಲಗಿಸುತ್ತದೆ. ಅದು ಯಾಕೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡಿರುವ ಉತ್ತರಗಳಲ್ಲಿ ಒಂದು ದೊಡ್ಡ ಪಾಲು ಒತ್ತಡಕ್ಕೆ ಮತ್ತು ನಿದ್ದೆಗೆ ಸೇರಿದ್ದು. ಆ ಉತ್ತರಗಳಲ್ಲಿ ಮುಖ್ಯವಾದವು ಬಂದದ್ದು ಅಮೆರಿಕದ ಶಿಕಾಗೋ ಸುತ್ತಮುತ್ತಲಿನ ಮಧ್ಯಪಶ್ಚಿಮ ಭಾಗದಿಂದ ಮತ್ತು ಅದರ ಪೂರ್ವಕ್ಕಿರುವ ಪಿಟ್ಸ್‌ಬರ್ಗ್‌ನಿಂದ. ಆ ಕಡೆ ನಮ್ಮ ಕನ್ನಡಿಗರೂ ಸಾಕಷ್ಟು ಮಂದಿ ಇದ್ದಾರೆ. ಹಾಗಾಗಿ ಸ್ವಲ್ಪ ಹೊತ್ತು ಅತ್ತ ಹೋಗಿ ಬರೋಣ.

ನೇಪರ್‌ವಿಲ್‌ನ ಡಿಸೆಂಬರ್

ಶಿಕಾಗೋದಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಡುಪೇಜ್ ನದಿಯ ದಡದಲ್ಲಿದೆ ನೇಪರ್‌ವಿಲ್. ಸುಮಾರು ಒಂದೂವರೆ ಲಕ್ಷ ಜನರ ಊರು. ಐಟಿ, ಎಂಜಿನಿಯರಿಂಗ್, ವೈದ್ಯಕೀಯ ಕೆಲಸಗಳಲ್ಲಿರುವ ಭಾರತೀಯ ಕುಟುಂಬಗಳು ಈ ಊರಿನಲ್ಲೂ ಪಕ್ಕದ ಅರೋರಾದಲ್ಲೂ ಸಾಕಷ್ಟಿವೆ. ಅರೋರಾದಲ್ಲಿ ವೆಂಕಟೇಶ್ವರನ ದೇವಸ್ಥಾನವಿದೆ, ಲೆಮಾಂಟ್‌ನಲ್ಲಿ ರಾಮನ ಗುಡಿ ಇದೆ. ಶಿಕಾಗೋ ಪ್ರದೇಶದ ಕನ್ನಡಿಗರಿಗೆ ವಿದ್ಯಾರಣ್ಯ ಕನ್ನಡ ಕೂಟ, ಮಿಷಿಗನ್‌ನ ಡೆಟ್ರಾಯಿಟ್ ಕಡೆಯವರಿಗೆ ಪಂಪ ಕನ್ನಡ ಕೂಟ. ಅಕ್ಕ ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನ 2002ರಲ್ಲಿ ಡೆಟ್ರಾಯಿಟ್‌ನಲ್ಲಿ, 2008ರಲ್ಲಿ ಶಿಕಾಗೋದಲ್ಲಿ ನಡೆದದ್ದು ಹಲವರಿಗೆ ನೆನಪಿರಬಹುದು.

ದೂರದಿಂದ ನೋಡಿದರೆ ಅವರದು ಆರಾಮದ ಬದುಕು. ಸ್ವಂತ ಮನೆ, ಎರಡು ಕಾರು, ಪಕ್ಕದಲ್ಲಿ ಹೆಂಡತಿ ಮಕ್ಕಳು. ಆದರೆ ಅಲ್ಲಿಯ ರಜೆಯ ಕಾಲದ ಲೆಕ್ಕ ಬೇರೆ. ನವೆಂಬರ್‌ನಲ್ಲಿ ರಾಜ್ಯೋತ್ಸವ ಮತ್ತು ದೀಪಾವಳಿಯ ಕಾರ್ಯಕ್ರಮ, ಅದಕ್ಕೆ ಮಕ್ಕಳ ನೃತ್ಯದ ರಿಹರ್ಸಲ್. ತಿಂಗಳ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಅಲ್ಲಿಂದ ಹೊಸ ವರ್ಷದವರೆಗೆ ಪ್ರತಿ ಶನಿವಾರ ಯಾರದಾದರೂ ಮನೆಯಲ್ಲಿ ಪಾಟ್‌ಲಕ್ ಊಟ. ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ, ಜೊತೆಗೆ ಯಾರ ನೌಕರಿ ಹೋಗುತ್ತದೋ ಎಂಬ ಅಂಜಿಕೆ. ಎಚ್-1ಬಿ ವೀಸಾದವರ ನೌಕರಿ ಹೋದರೆ ಹೊಸದು ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ವೀಸಾ ರದ್ದಾದರೆ ಎಷ್ಟು ದಿನದಲ್ಲಿ ಹೊರಡಬೇಕು ಎಂದು ಎಣಿಸುವ ನಮಗೆ ಈ ಅಂಜಿಕೆಯನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಹವೆ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕೂಕಾಲಿನ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. 2019ರ ಜನವರಿ 30ರಂದು ಶಿಕಾಗೋದಲ್ಲಿ ಸೊನ್ನೆಗಿಂತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ಬಿದ್ದಿತ್ತು. ಇಲ್ಲಿ ನಾವು ಜೂನ್, ಜುಲೈ ತಿಂಗಳ ಸೆಕೆಗೆ ಹೆದರಿ ಎಸಿ ಕೋಣೆಯಲ್ಲಿ ಬಾಗಿಲು ಮುಚ್ಚಿ ಕೂರುವಂತೆ ಅವರು ಡಿಸೆಂಬರ್‌ನ ಚಳಿಗೆ ಹೆದರಿ ಹೀಟರ್ ಹಾಕಿ ಕೂರುತ್ತಾರೆ. ಮುಚ್ಚಿದ ಕೋಣೆ, ಹಲವು ಜನ, ಒಂದೇ ಗಾಳಿ. ಉಸಿರಾಟದ ವೈರಸ್ಸಿಗೆ ಇನ್ನೇನು ಬೇಕು?

ಊರಿಗೆ ಹೊರಟರೆ ಇನ್ನೊಂದು ತಾಪತ್ರಯ. ಚಳಿಗಾಲದಲ್ಲಿ ಶಿಕಾಗೋಗೂ ಬೆಂಗಳೂರಿಗೂ ಹನ್ನೊಂದೂವರೆ ಗಂಟೆಯ ವ್ಯತ್ಯಾಸ. ಅಲ್ಲಿ ಹಗಲಾದರೆ ಇಲ್ಲಿ ರಾತ್ರಿ. ದೇಹದ ಒಳಗಡಿಯಾರ ದಿನಕ್ಕೆ ಹೆಚ್ಚು ಕಡಿಮೆ ಒಂದು ಗಂಟೆಯಷ್ಟೇ ಸರಿಹೊಂದುತ್ತದೆ. ಎರಡು ವಾರದ ರಜೆಯಲ್ಲಿ ಬಂದವರಿಗೆ ನಿದ್ದೆ ಸರಿಹೋಗುವಷ್ಟರಲ್ಲಿ ಮರಳಿ ಹೊರಡುವ ದಿನ ಬಂದಿರುತ್ತದೆ. ಈ ಒಂದು ವಿಷಯದಲ್ಲಿ ನಾವು ಪುಣ್ಯವಂತರು. ದುಬೈಗೂ ಮಂಗಳೂರಿಗೂ ಇರುವುದು ಒಂದೂವರೆ ಗಂಟೆಯ ವ್ಯತ್ಯಾಸ, ಕುವೈತ್, ಕತಾರ್, ಬಹ್ರೇನ್, ಸೌದಿಗೆ ಎರಡೂವರೆ ಗಂಟೆ. ನಮ್ಮ ನಿದ್ದೆಯನ್ನು ಕದಿಯುವುದು ಗಡಿಯಾರ ಅಲ್ಲ, ನಡುರಾತ್ರಿಯ ವಿಮಾನ ಮತ್ತು ಅದಕ್ಕೂ ಹಿಂದಿನ ವಾರದ ಓಡಾಟ.

ಒತ್ತಡ ಮೈಯೊಳಗೆ ಮಾಡುವುದೇನು?

ಒತ್ತಡ ಎಂಬುದು ಬರೀ ಮನಸ್ಸಿನ ಮಾತಲ್ಲ. 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ, ಚಳಿ, ಗಾಯ, ಅತಿಯಾದ ದಣಿವು ಯಾವುದೇ ಇರಲಿ, ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯೆ ತೋರಿಸುತ್ತದೆ ಎಂದು ಇಲಿಗಳಲ್ಲಿ ತೋರಿಸಿದರು. ನಮ್ಮ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳು ಹೊರಡುತ್ತವೆ. ಎದೆ ಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಲು ಇದು ಬೇಕೇ ಬೇಕು. ಓಡಿ ಪಾರಾದ ಮೇಲೆ ಎಲ್ಲವೂ ಇಳಿಯಬೇಕು. ತೊಂದರೆ ಆಗುವುದು ಇಳಿಯದೆ ಇದ್ದಾಗ.

ಕಾರ್ಟಿಸಾಲ್‌ಗೆ ಇನ್ನೊಂದು ಕೆಲಸವಿದೆ. ವೈರಸ್ ಬಂದಾಗ ರೋಗನಿರೋಧಕ ಕಣಗಳು ಉರಿಯೂತ ಎಬ್ಬಿಸಿ ಹೋರಾಡುತ್ತವೆ. ಮೂಗು ಸೋರುವುದು, ಗಂಟಲು ಊದುವುದು ಬಹುಮಟ್ಟಿಗೆ ಆ ಹೋರಾಟದ ಗುರುತು. ಹೋರಾಟ ಸಾಕು ಎಂದು ಹೇಳುವುದು ಕಾರ್ಟಿಸಾಲ್. ತಿಂಗಳುಗಟ್ಟಲೆ ಒತ್ತಡದಲ್ಲಿದ್ದವರ ಕಣಗಳು ಈ ಆಜ್ಞೆಗೆ ಕಿವುಡಾಗುತ್ತವೆ ಎಂದು ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಶೆಲ್ಡನ್ ಕೋಹೆನ್ ಮತ್ತು ಅವರ ತಂಡ 2012ರಲ್ಲಿ ತೋರಿಸಿತು. ನಮ್ಮ 'ಹುಲಿ ಬಂತು ಹುಲಿ' ಕಥೆಯ ಹಾಗೆ. ದಿನವೂ ಕೂಗಿದರೆ ಕೊನೆಗೆ ಯಾರೂ ಕಿವಿಗೊಡುವುದಿಲ್ಲ. ಉರಿಯೂತ ತಡೆಯಿಲ್ಲದೆ ಮುಂದುವರಿಯುತ್ತದೆ, ಸಣ್ಣ ನೆಗಡಿ ವಾರಗಟ್ಟಲೆ ಕಾಡುತ್ತದೆ.

ಮೂಗಿಗೆ ವೈರಸ್ ಹಾಕಿ ನೋಡಿದರು

ಇದನ್ನು ಸಾಬೀತು ಮಾಡಲು ಕೋಹೆನ್ ಮಾಡಿದ ಪ್ರಯೋಗಗಳು ಸ್ವಾರಸ್ಯಕರ. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ನೆಗಡಿಯನ್ನೇ ಅಧ್ಯಯನ ಮಾಡಲು ಒಂದು ಕೇಂದ್ರವಿತ್ತು. ಅಲ್ಲಿ 394 ಆರೋಗ್ಯವಂತ ಸ್ವಯಂಸೇವಕರ ಬದುಕಿನ ಒತ್ತಡವನ್ನು ಮೊದಲು ಅಳೆದು, ನಂತರ ಅವರ ಮೂಗಿಗೆ ನೆಗಡಿಯ ವೈರಸ್ ಇರುವ ಹನಿಗಳನ್ನು ಹಾಕಿ, ಪ್ರತ್ಯೇಕವಾಗಿ ಇರಿಸಿ ನೋಡಿದರು. 1991ರಲ್ಲಿ ಫಲಿತಾಂಶ ಪ್ರಕಟವಾಯಿತು. ಒತ್ತಡ ಅತಿ ಕಡಿಮೆ ಇದ್ದವರಲ್ಲಿ ಸುಮಾರು 27 ಶೇಕಡ ಮಂದಿಗೆ ನೆಗಡಿ ಬಂತು. ಅತಿ ಹೆಚ್ಚು ಇದ್ದವರಲ್ಲಿ ಸುಮಾರು 47 ಶೇಕಡ.

ಎಂಥ ಒತ್ತಡ ಕೆಟ್ಟದ್ದು ಎಂಬುದಕ್ಕೂ ಮುಂದೆ ಉತ್ತರ ಸಿಕ್ಕಿತು. 1998ರಲ್ಲಿ ಪಿಟ್ಸ್‌ಬರ್ಗ್‌ನ 276 ಜನರ ಅಧ್ಯಯನದಲ್ಲಿ, ಒಂದು ತಿಂಗಳಿಗಿಂತ ಕಡಿಮೆ ಕಾಲದ ಒತ್ತಡ ನೆಗಡಿಯ ಸಾಧ್ಯತೆಯನ್ನು ಹೆಚ್ಚಿಸಲಿಲ್ಲ. ತಿಂಗಳು ಮೀರಿದ ಒತ್ತಡ ಹೆಚ್ಚಿಸಿತು. ಅದರಲ್ಲೂ ಎರಡು ಬಗೆಯವು ಮುಂದಿದ್ದವು. ಒಂದು, ಕೆಲಸ ಇಲ್ಲದಿರುವುದು ಅಥವಾ ಯೋಗ್ಯತೆಗೆ ತಕ್ಕ ಕೆಲಸ ಸಿಗದಿರುವುದು. ಇನ್ನೊಂದು, ಮನೆಯವರ ಜೊತೆ, ಸ್ನೇಹಿತರ ಜೊತೆ ಮುಗಿಯದ ಜಗಳ.

ಈ ಫಲಿತಾಂಶವನ್ನು ಗಲ್ಫ್‌ನ ಕೆಲಸಗಾರರು ಎರಡು ಸಲ ಓದಬೇಕು. ಪ್ಯಾಕಿಂಗ್‌ನ ಗಡಿಬಿಡಿ, ವಿಮಾನ ತಪ್ಪೀತೆಂಬ ಆತಂಕ ಇವು ತಾವಾಗಿ ನಮ್ಮನ್ನು ಮಲಗಿಸುವುದು ಕಡಿಮೆ. ನಮ್ಮನ್ನು ಸೋಲಿಸುವುದು ರಜೆಗೆ ಮುಂಚಿನ ಆರು ತಿಂಗಳು. ಕಂಪನಿ ಸಂಬಳ ತಡ ಮಾಡಿದ್ದು, ಊರಿನಲ್ಲಿ ಅಣ್ಣತಮ್ಮಂದಿರ ಜಾಗದ ತಕರಾರು, ಮನೆ ಕಟ್ಟುವ ಸಾಲ, "ಈ ಸಲವಾದರೂ ತಂಗಿಯ ಮದುವೆ ಮುಗಿಸಬೇಕು" ಎಂಬ ಭಾರ. ಅದರ ಮೇಲೆ ಕೊನೆಯ ವಾರದ ನಿದ್ದೆಗೇಡು, ವಿಮಾನ ನಿಲ್ದಾಣದ ಜನಸಂದಣಿ. ಮೂರೂ ಒಂದೇ ಸಮಯಕ್ಕೆ ಬಂದು ಕೂಡಿಕೊಳ್ಳುವುದು ರಜೆಯ ಬಾಗಿಲಿನಲ್ಲಿ.

ರಜೆ ಸಿಕ್ಕೊಡನೆ ಕಾಯಿಲೆ ಬೀಳುವವರ ಬಗ್ಗೆ ನೆದರ್‌ಲ್ಯಾಂಡ್ಸ್‌ನ ಆಡ್ ವಿಂಗರ್‌ಹೂಟ್ಸ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಸಮೀಕ್ಷೆ ಮಾಡಿದರು. ಸುಮಾರು 3 ಶೇಕಡ ಜನ ತಮಗೆ ಹೀಗಾಗುತ್ತದೆ ಎಂದರು. ಅವರಲ್ಲಿ ಹೆಚ್ಚಿನವರು ಕೆಲಸದ ಹೊರೆ ಹೊತ್ತವರು, ರಜೆಯಲ್ಲೂ ಕೆಲಸವನ್ನು ಮನಸ್ಸಿನಿಂದ ಇಳಿಸಲಾಗದವರು.

ಶಿಕಾಗೋ ಕಲಿಸಿದ ನಿದ್ದೆಯ ಪಾಠ

ನೇಪರ್‌ವಿಲ್‌ನಿಂದ ರೈಲು ಹತ್ತಿ ಹೋಗಿಬರುವಷ್ಟು ಹತ್ತಿರದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಈವ್ ವಾನ್ ಕೌಟರ್ ಎಂಬ ವಿಜ್ಞಾನಿ ದಶಕಗಳ ಕಾಲ ನಿದ್ದೆಯ ಬಗ್ಗೆ ಸಂಶೋಧನೆ ಮಾಡಿದರು. ಅವರ ತಂಡ 2002ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ 25 ಆರೋಗ್ಯವಂತ ಯುವಕರಿದ್ದರು. ಅವರಲ್ಲಿ 11 ಮಂದಿಗೆ ಆರು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು, ಆ ನಡುವೆ ಫ್ಲೂ ಲಸಿಕೆ ಕೊಟ್ಟರು. ಉಳಿದ 14 ಮಂದಿ ಎಂದಿನಂತೆ ನಿದ್ದೆ ಮಾಡಿ ಅದೇ ಲಸಿಕೆ ಪಡೆದರು. ಹತ್ತು ದಿನ ಕಳೆದು ರಕ್ತ ಪರೀಕ್ಷೆ ಮಾಡಿದರೆ, ನಿದ್ದೆಗೆಟ್ಟವರ ಮೈಯಲ್ಲಿ ಲಸಿಕೆ ಎಬ್ಬಿಸಬೇಕಾದ ಪ್ರತಿಕಾಯಗಳು ಉಳಿದವರಲ್ಲಿ ಇದ್ದುದರ ಅರ್ಧಕ್ಕಿಂತಲೂ ಕಡಿಮೆ. ಮೂರು ನಾಲ್ಕು ವಾರ ಕಳೆಯುವಷ್ಟರಲ್ಲಿ ಈ ಅಂತರ ಕಡಿಮೆಯಾಯಿತು. ಅಂದರೆ ದೇಹ ಚೇತರಿಸಿಕೊಳ್ಳುತ್ತದೆ, ಆದರೆ ತಡವಾಗಿ. ವಿಮಾನ ಹತ್ತುವವನಿಗೆ ಬೇಕಾದ್ದು ಆ ಮೊದಲ ವಾರಗಳ ರಕ್ಷಣೆಯೇ.

ಇನ್ನೊಂದು ಲೆಕ್ಕ ಇನ್ನೂ ನೇರವಾದದ್ದು. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 164 ಜನರ ಕೈಗೆ ಗಡಿಯಾರದಂಥ ಯಂತ್ರ ಕಟ್ಟಿ ಒಂದು ವಾರ ನಿದ್ದೆಯನ್ನು ಅಳೆದರು, ಆಮೇಲೆ ಮೂಗಿಗೆ ನೆಗಡಿಯ ವೈರಸ್ ಹಾಕಿದರು. ಏಳು ಗಂಟೆಗಿಂತ ಹೆಚ್ಚು ನಿದ್ದೆ ಮಾಡಿದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ನಿದ್ದೆ ಮಾಡಿದವರಿಗೆ ನೆಗಡಿ ಹತ್ತುವ ಸಾಧ್ಯತೆ ನಾಲ್ಕು ಪಟ್ಟಿಗಿಂತ ಹೆಚ್ಚಿತ್ತು. ಔಷಧಿ ಅಂಗಡಿಯಲ್ಲಿ 'ಇಮ್ಯುನಿಟಿ' ಎಂದು ಹೆಸರಿಟ್ಟು ಮಾರುವ ಸಿರಪ್, ಮಾತ್ರೆಗಳಿಗೆ ದುಡ್ಡು ಸುರಿಯುವ ಮುಂಚೆ ಈ ಸಂಖ್ಯೆಯನ್ನು ನೆನೆಯಬೇಕು. ನಿದ್ದೆಗೆ ಬಿಲ್ಲಿಲ್ಲ.

ನೇಪರ್‌ವಿಲ್‌ನ ಹಳೆಯ ಕಥೆ

ಇಷ್ಟೆಲ್ಲ ಪ್ರಯೋಗಗಳಿಗೆ ಮುಂಚೆಯೂ ವಿಶ್ರಾಂತಿಯ ಬೆಲೆ ಜನಕ್ಕೆ ಗೊತ್ತಿತ್ತು. ಇಂದು ನೇಪರ್‌ವಿಲ್‌ನ ದೊಡ್ಡ ಆಸ್ಪತ್ರೆಯಾದ ಎಡ್ವರ್ಡ್ ಆಸ್ಪತ್ರೆ ಶುರುವಾದದ್ದು 1907ರಲ್ಲಿ, ಕ್ಷಯ ರೋಗಿಗಳ ಸ್ಯಾನಟೋರಿಯಂ ಆಗಿ. ಯುಡೋರಾ ಗೇಲಾರ್ಡ್ ಎಂಬ ಮಹಿಳೆ ತೀರಿಕೊಂಡ ಪತಿ ಎಡ್ವರ್ಡ್ ಅವರ ನೆನಪಿಗೆ ಅದನ್ನು ಕಟ್ಟಿಸಿದರು. ಶಿಕಾಗೋದ ಹೊಗೆ, ಇಕ್ಕಟ್ಟಿನ ಮನೆ, ಬಿಡುವಿಲ್ಲದ ಕೂಲಿಯಿಂದ ಬಳಲಿ ಕ್ಷಯ ಹತ್ತಿಸಿಕೊಂಡ ಜನ ಅಲ್ಲಿಗೆ ಬರುತ್ತಿದ್ದರು. ಆ ಕಾಲಕ್ಕೆ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಸ್ಯಾನಟೋರಿಯಂ ಕೊಡುತ್ತಿದ್ದುದು ತೆರೆದ ಗಾಳಿ, ಒಳ್ಳೆಯ ಊಟ, ಸಂಪೂರ್ಣ ವಿಶ್ರಾಂತಿ. ನಮ್ಮ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನಲ್ಲಿರುವ ಪಿಕೆಟಿಬಿ ಸ್ಯಾನಟೋರಿಯಂ ಹುಟ್ಟಿದ್ದೂ ಇದೇ ನಂಬಿಕೆಯ ಕಾಲದಲ್ಲಿ.

ವಿಶ್ರಾಂತಿಯೊಂದರಿಂದಲೇ ಕ್ಷಯ ಗುಣವಾಗುತ್ತಿತ್ತು ಎನ್ನುವಂತಿಲ್ಲ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆಯೇ ರೋಗ ನಿಜಕ್ಕೂ ಹತೋಟಿಗೆ ಬಂದದ್ದು. ಎಡ್ವರ್ಡ್ ಕೂಡ 1955ರಲ್ಲಿ ಸಾಮಾನ್ಯ ಆಸ್ಪತ್ರೆಯಾಯಿತು. ಆದರೆ ದಣಿದ, ಹಸಿದ, ಇಕ್ಕಟ್ಟಿನಲ್ಲಿ ಬದುಕುವ ಮೈ ರೋಗಕ್ಕೆ ಬೇಗ ಸೋಲುತ್ತದೆ ಎಂಬ ಹಳೆಯ ಅನುಭವ ಸುಳ್ಳಾಗಲಿಲ್ಲ. ಗಲ್ಫ್ ವೀಸಾಕ್ಕಾಗಿ ಎದೆಯ ಎಕ್ಸ್‌ರೇ ತೆಗೆಸಿಕೊಂಡ ನಮಗೆಲ್ಲ ಕ್ಷಯದ ಹೆಸರು ಹೊಸದಲ್ಲ. ಎರಡು ವಾರ ಮೀರಿದ ಕೆಮ್ಮನ್ನು 'ಎಸಿ ಕೆಮ್ಮು' ಎಂದು ತಳ್ಳಿಹಾಕದೆ ರಜೆಯಲ್ಲಾದರೂ ಪರೀಕ್ಷೆ ಮಾಡಿಸಿ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆಯೂ ಕ್ಷಯದ ಔಷಧಿಯೂ ಉಚಿತ.

ನಿಜವಾದ ರಜೆ ಗಾಯ ಮಾಯಿಸುತ್ತದೆ

ಹಾಗಾದರೆ ರಜೆ ಬೇಡವೇ? ಅಲ್ಲ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಅವರ ಪತಿ ರೊನಾಲ್ಡ್ ಗ್ಲೇಸರ್ ಒತ್ತಡ ಹಾಗೂ ರೋಗನಿರೋಧಕ ಶಕ್ತಿಯ ನಂಟನ್ನು ಜೀವಮಾನವಿಡೀ ಅಧ್ಯಯನ ಮಾಡಿದವರು. ಅವರ ತಂಡ 1998ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ದಂತ ವೈದ್ಯಕೀಯದ 11 ವಿದ್ಯಾರ್ಥಿಗಳ ಅಂಗಳದಲ್ಲಿ ಎರಡು ಸಲ ಪುಟ್ಟ ಗಾಯ ಮಾಡಿದರು. ಒಂದು ಬೇಸಿಗೆ ರಜೆಯಲ್ಲಿ, ಇನ್ನೊಂದು ಪರೀಕ್ಷೆಗೆ ಮೂರು ದಿನ ಇರುವಾಗ. ಪರೀಕ್ಷೆಯ ಸಮಯದ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಸುಮಾರು 40 ಶೇಕಡ ಹೆಚ್ಚು ಸಮಯ ಹಿಡಿಯಿತು. ಅದೇ ಮನುಷ್ಯ, ಅದೇ ಬಾಯಿ, ಅದೇ ಗಾಯ. ಬದಲಾದದ್ದು ಮನಸ್ಸಿನ ಮೇಲಿನ ಹೊರೆ ಮಾತ್ರ.

ರಜೆ ಮದ್ದು ಹೌದು, ಅದು ರಜೆಯಾಗಿದ್ದರೆ. ನಮ್ಮ ಮೂವತ್ತು ದಿನ ಬೇರೊಂದು ಬಗೆಯ ಡ್ಯೂಟಿಯಾದರೆ ಅದರಿಂದ ಮದ್ದಿನ ಕೆಲಸ ಆಗುವುದಿಲ್ಲ.

ಮಾಡಬಹುದಾದ್ದು

ಮೊದಲನೆಯದು ದುಡ್ಡಿನ ಲೆಕ್ಕ. ರಜೆಯ ಒತ್ತಡದ ಬೇರು ಬಹುಪಾಲು ಇಲ್ಲಿದೆ. ರಜೆಗೆ ಮೂರು ನಾಲ್ಕು ತಿಂಗಳಿರುವಾಗಲೇ ಒಂದು ಹಾಳೆಯಲ್ಲಿ ಟಿಕೆಟ್, ಉಡುಗೊರೆ, ಊರಿನ ಖರ್ಚು, ಮರಳಿದ ಮೇಲಿನ ಮೊದಲ ತಿಂಗಳ ಖರ್ಚು ಎಂದು ನಾಲ್ಕು ಸಾಲು ಬರೆಯಿರಿ. ಕೊನೆಯ ಸಾಲನ್ನು ಮರೆತವರೇ ಮರಳಿ ಬಂದು ಸಾಲ ಮಾಡುವುದು. ಉಡುಗೊರೆಗೆ ಒಂದು ಮಿತಿ ಹಾಕಿ, ಅದನ್ನು ಮನೆಯವರಿಗೆ ಮೊದಲೇ ತಿಳಿಸಿ. "ಈ ಸಲ ಮಕ್ಕಳಿಗೆ, ಹಿರಿಯರಿಗೆ ಮಾತ್ರ" ಎಂದು ಫೋನಿನಲ್ಲಿ ಹೇಳಿದರೆ ಒಂದು ದಿನ ಮುನಿಸು. ಹೇಳದೆ ಹೋದರೆ ತಿಂಗಳಿಡೀ ಮುನಿಸು. ಸೆಂಟು, ಚಾಕಲೇಟು, ಖರ್ಜೂರವನ್ನು ಸಂಬಳ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಕೊಂಡರೆ ಕೊನೆಯ ವಾರದ ರಾತ್ರಿ ಓಡಾಟ ತಪ್ಪುತ್ತದೆ.

ಎರಡನೆಯದು ಕೊನೆಯ ವಾರದ ನಿದ್ದೆ. ಹೊರಡುವ ಏಳು ರಾತ್ರಿಯೂ ಏಳು ಗಂಟೆ ಮಲಗುವುದು ಎಂದು ನಿಶ್ಚಯ ಮಾಡಿ. ರಾತ್ರಿ ಪಾಳಿಯವರು ಹಗಲು ಕಿಟಕಿಗೆ ದಪ್ಪ ಪರದೆ ಹಾಕಿ, ರೂಮಿನವರಿಗೆ ಹೇಳಿ, ಮೊಬೈಲ್ ದೂರ ಇಟ್ಟು ಮಲಗಿ. ಪ್ಯಾಕಿಂಗ್ ಎರಡು ದಿನ ಮುಂಚೆಯೇ ಮುಗಿಯಲಿ. ಊರು ತಲುಪಿದ ಮೊದಲ ದಿನ ಯಾರ ಮನೆಗೂ ಹೋಗುವುದಿಲ್ಲ, ಮಲಗುತ್ತೇನೆ ಎಂದು ಮನೆಯಲ್ಲಿ ಹೇಳಿಬಿಡಿ.

ಮೂರನೆಯದು ಫ್ಲೂ ಲಸಿಕೆ. ಚುಚ್ಚಿದ ಮೇಲೆ ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಹಾಗಾಗಿ ವಿಮಾನದ ಹಿಂದಿನ ದಿನ ಅಲ್ಲ, ಕನಿಷ್ಠ ಎರಡು ವಾರ ಮುಂಚೆ ಹಾಕಿಸಿಕೊಳ್ಳಿ, ಆ ದಿನಗಳಲ್ಲಿ ಚೆನ್ನಾಗಿ ನಿದ್ದೆ ಮಾಡಿ. ಶಿಕಾಗೋದ ಪ್ರಯೋಗ ಹೇಳಿದ್ದು ಇದನ್ನೇ. ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರಿಗೆ, ವಯಸ್ಸಾದ ತಂದೆತಾಯಿಗೆ ಇದು ಇನ್ನೂ ಮುಖ್ಯ. ನಿಮ್ಮ ವೈದ್ಯರನ್ನು ಕೇಳಿ.

ನಾಲ್ಕನೆಯದು ಜಗಳದ ವಿಷಯಗಳು. ಜಾಗ, ಪಾಲು, ಸಾಲ, ಮದುವೆ ಮಾತುಕತೆ ಇವನ್ನು ಬಂದ ಮರುದಿನವೇ ಎತ್ತಬೇಡಿ, ಹೊರಡುವ ಹಿಂದಿನ ರಾತ್ರಿಗೂ ಇಟ್ಟುಕೊಳ್ಳಬೇಡಿ. ಮೊದಲ ವಾರ ವಿಶ್ರಾಂತಿ, ಎರಡನೆಯ ಮತ್ತು ಮೂರನೆಯ ವಾರ ವ್ಯವಹಾರ, ಕೊನೆಯ ವಾರ ಮನೆಯವರಿಗೆ ಎಂದು ಹಂಚಿಕೊಂಡರೆ ಎಲ್ಲದಕ್ಕೂ ಜಾಗವಾಗುತ್ತದೆ. ಮುಗಿಯದ ವ್ಯವಹಾರವನ್ನು ನಂಬಿಕೆಯವರ ಕೈಗೆ ಬರವಣಿಗೆಯಲ್ಲಿ ಒಪ್ಪಿಸಿ ಬನ್ನಿ. ತಿಂಗಳುಗಟ್ಟಲೆ ಎಳೆಯುವ ತಕರಾರು ಮೈಗೆ ಏನು ಮಾಡುತ್ತದೆ ಎಂದು ಮೇಲೆ ನೋಡಿದೆವಲ್ಲ.

ಐದನೆಯದು ನಡಿಗೆ ಮತ್ತು ಬಿಸಿಲು. ನೇಪರ್‌ವಿಲ್‌ನವರು ತಮ್ಮ ಊರಿಗೆ 150 ವರ್ಷ ತುಂಬಿದ 1981ರಲ್ಲಿ ನದಿಯ ದಡದಲ್ಲಿ ಸ್ವಯಂಸೇವಕರ ಕೈಯಿಂದ ನಡಿಗೆಯ ದಾರಿ ಕಟ್ಟಿಕೊಂಡರು. ನಮಗೆ ದುಬೈ, ಮನಾಮ, ದೋಹಾ ಎಲ್ಲೆಡೆ ಕಡಲ ದಂಡೆಯ ನಡಿಗೆ ಹಾದಿಗಳಿವೆ. ಕತ್ತಲು ಬೀಳುವ ಮುಂಚೆ ಅರ್ಧ ಗಂಟೆ ಸಾಕು. ಇಷ್ಟು ಬಿಸಿಲಿನ ನಾಡಿನಲ್ಲೇ ವಿಟಮಿನ್ ಡಿ ಕೊರತೆ ಸಾಮಾನ್ಯವಾಗಿರುವುದು ನಾವು ದಿನವಿಡೀ ಒಳಗೇ ಇರುವುದರಿಂದ. ಹೊರಗೆ ದುಡಿಯುವವರ ಮಾತು ಬೇರೆ. ಅವರಿಗೆ ಬೇಕಾದ್ದು ನೆರಳು, ನೀರು, ನಿದ್ದೆ.

ಆರನೆಯದು ಮದ್ದು. ನೆಗಡಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಯಾಕೆಂದರೆ ಅದು ವೈರಸ್ಸಿನಿಂದ ಬಂದದ್ದು. ಬಿಪಿ, ಸಕ್ಕರೆಯ ಮಾತ್ರೆಯನ್ನು ರಜೆಯೆಂದು ನಿಲ್ಲಿಸಬೇಡಿ. ಊರಿನಿಂದ ಮರಳುವಾಗ ಔಷಧಿಯ ಜೊತೆಗೆ ವೈದ್ಯರ ಚೀಟಿ ಇರಲಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಸಿರಪ್‌ಗಳು ಗಲ್ಫ್ ದೇಶಗಳಲ್ಲಿ ನಿಯಂತ್ರಿತ. ಯಾರೋ ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ತರಲೇಬೇಡಿ.

ಊರಿಗೆ ಹೋಗಲಾಗದವರು

ಹಬ್ಬದ ಸಮಯಕ್ಕೆ ರಜೆ ಸಿಗದೆ ಇಲ್ಲೇ ಉಳಿಯುವವರೂ ನಮ್ಮಲ್ಲಿ ಬಹಳ. ದೀಪಾವಳಿ, ಈದ್, ಕ್ರಿಸ್‌ಮಸ್ ಯಾವುದೇ ಇರಲಿ, ವೀಡಿಯೋ ಕಾಲ್‌ನಲ್ಲಿ ಮನೆಯವರ ಸಂಭ್ರಮ ನೋಡಿ ಫೋನ್ ಇಟ್ಟ ಮೇಲಿನ ಆ ಅರ್ಧ ಗಂಟೆ ಎಷ್ಟು ಭಾರ ಎಂದು ಅನುಭವಿಸಿದವರಿಗೇ ಗೊತ್ತು.

ಈ ಭಾರಕ್ಕೂ ಮೈಗೂ ನಂಟಿದೆ. 1997ರಲ್ಲಿ ಕೋಹೆನ್ ತಂಡ ಜನರ ಸಂಬಂಧಗಳನ್ನು ಎಣಿಸಿತು. ಎಷ್ಟು ಮಂದಿ ಪರಿಚಯ ಎಂದಲ್ಲ, ಎಷ್ಟು ಬಗೆಯ ಸಂಬಂಧ ಎಂದು. ಸಂಗಾತಿ, ತಂದೆತಾಯಿ, ಮಕ್ಕಳು, ನೆರೆಯವರು, ಜೊತೆಯ ಕೆಲಸಗಾರರು, ಗೆಳೆಯರು, ಪ್ರಾರ್ಥನೆಯ ಗುಂಪು, ಸಂಘ ಸಂಸ್ಥೆ ಹೀಗೆ ಹನ್ನೆರಡು ಬಗೆ. ಆರು ಅಥವಾ ಅದಕ್ಕಿಂತ ಹೆಚ್ಚು ಬಗೆಯ ಸಂಬಂಧ ಇದ್ದವರಿಗೆ ಹೋಲಿಸಿದರೆ, ಮೂರೋ ಅದಕ್ಕಿಂತ ಕಡಿಮೆಯೋ ಇದ್ದವರಿಗೆ ನೆಗಡಿ ಬರುವ ಸಾಧ್ಯತೆ ನಾಲ್ಕು ಪಟ್ಟಿನಷ್ಟು ಹೆಚ್ಚಿತ್ತು. ಹೆಚ್ಚು ಜನರೊಡನೆ ಬೆರೆತರೆ ವೈರಸ್ ಹೆಚ್ಚು ಹತ್ತಬೇಕಲ್ಲವೇ ಎಂದು ನಮಗನ್ನಿಸುತ್ತದೆ. ಫಲಿತಾಂಶ ಅದಕ್ಕೆ ತದ್ವಿರುದ್ಧ.

ಕನ್ನಡ ಸಂಘದ ಸದಸ್ಯತ್ವವೂ ಆ ಪಟ್ಟಿಯಲ್ಲಿ ಒಂದು ಬಗೆ ಎಂಬುದನ್ನು ಪದಾಧಿಕಾರಿಗಳು ಸಂತೋಷದಿಂದ ಓದಬಹುದು. ತಮಾಷೆ ಬಿಡಿ, ಇದರಲ್ಲಿ ಒಂದು ಕೆಲಸವೂ ಇದೆ. ಪ್ರತಿ ಹಬ್ಬಕ್ಕೆ ಮುಂಚೆ, ಈ ಸಲ ಊರಿಗೆ ಹೋಗದವರು ಯಾರು, ಕ್ಯಾಂಪಿನಲ್ಲಿ ಒಬ್ಬರೇ ಕನ್ನಡದವರು ಯಾರು, ಮನೆಗೆಲಸದಲ್ಲಿರುವ ನಮ್ಮ ಹೆಣ್ಣುಮಕ್ಕಳು ಎಲ್ಲಿದ್ದಾರೆ ಎಂದು ಒಂದು ಪಟ್ಟಿ ಮಾಡಿ ಫೋನ್ ಮಾಡಿದರೆ ಸಾಕು. ವೇದಿಕೆಯ ಕಾರ್ಯಕ್ರಮಕ್ಕೆ ಬರಲಾಗದವರಿಗೆ ಆ ಒಂದು ಕರೆಯೇ ಹಬ್ಬ.

ಮನಸ್ಸು ತೀರಾ ಕುಗ್ಗಿದರೆ ಮುಚ್ಚಿಡಬೇಡಿ. ಯುಎಇಯಲ್ಲಿ ಭಾರತ ಸರಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ದೂರವಾಣಿ 800 46342. ರಜೆಯಲ್ಲಿ ಊರಿನಲ್ಲಿದ್ದಾಗ 14416ಕ್ಕೆ ಕರೆ ಮಾಡಿದರೆ 'ಟೆಲಿ ಮಾನಸ್' ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ಮಾರ್ಗದರ್ಶನ ಬೆಂಗಳೂರಿನ ನಿಮ್ಹಾನ್ಸ್‌ನದು.

ಎದೆ ನೋವಿಗೆ ಹಬ್ಬವಿಲ್ಲ

ಕೊನೆಯದಾಗಿ ನೆಗಡಿಗಿಂತ ದೊಡ್ಡ ವಿಷಯ. ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಮತ್ತು ತಂಡ 1973ರಿಂದ 2001ರವರೆಗಿನ ಅಮೆರಿಕದ ಮರಣ ದಾಖಲೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಹೃದಯದ ಕಾಯಿಲೆಯ ಸಾವುಗಳು ವರ್ಷದಲ್ಲಿ ಅತಿ ಹೆಚ್ಚಾಗುವುದು ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಸುತ್ತ. ಚಳಿಯೊಂದೇ ಇದಕ್ಕೆ ಕಾರಣವಲ್ಲ. ಹಬ್ಬ ಕೆಡಬಾರದೆಂದು ಜನ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದೂ ಒಂದು ಕಾರಣ ಇರಬಹುದು ಎಂದು ಅವರು ಸೂಚಿಸಿದರು.

ನಮ್ಮವರೂ ಹಾಗೆಯೇ ಅಲ್ಲವೇ? "ಮದುವೆ ಮುಗಿಯಲಿ, ಆಮೇಲೆ ತೋರಿಸೋಣ", "ಟಿಕೆಟ್ ಆಗಿದೆ, ಊರಿಗೆ ಹೋಗಿ ನೋಡೋಣ", "ಗ್ಯಾಸ್ ಇರಬೇಕು, ಸೋಡಾ ಕುಡಿ". ಎದೆಯ ನಡುವೆ ಒತ್ತಿದಂತೆ ನೋವು, ಎಡಗೈಗೋ ದವಡೆಗೋ ಹರಡುವ ನೋವು, ಕಾರಣವಿಲ್ಲದ ಬೆವರು, ಉಸಿರಾಟದ ಕಷ್ಟ ಬಂದರೆ ಕಾಯುವಂತಿಲ್ಲ. ಊರಿನಲ್ಲಿ 108ಕ್ಕೆ ಕರೆ ಮಾಡಿ. ಇಲ್ಲಿ ನೀವಿರುವ ದೇಶದ ಆಂಬುಲೆನ್ಸ್ ನಂಬರನ್ನು ಇಂದೇ ಫೋನಿನಲ್ಲಿ ಸೇರಿಸಿಕೊಳ್ಳಿ, ರೂಮಿನ ಗೋಡೆಯ ಮೇಲೂ ಬರೆದಿಡಿ. ರೂಮಿನಲ್ಲಿ ಯಾರಿಗಾದರೂ ಹೀಗಾದರೆ ಫೋರ್‌ಮನ್ ಬರಲಿ ಎಂದು ಕಾಯಬೇಡಿ.

ಊರಿನಲ್ಲಿ ನಮ್ಮನ್ನು ಕಾಯುತ್ತಿರುವವರಿಗೆ ಸೆಂಟು, ಬಂಗಾರಕ್ಕಿಂತ ಮೊದಲು ಬೇಕಾದ್ದು ನಾವು. ಮುಂದಿನ ರಜೆಯ ಟಿಕೆಟ್ ಮಾಡುವ ದಿನವೇ ಹೊರಡುವ ಹಿಂದಿನ ಏಳು ರಾತ್ರಿಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, 'ನಿದ್ದೆ' ಎಂದು ಬರೆದುಬಿಡಿ. ಎಲ್ಲರಿಗೂ ಆರೋಗ್ಯವಂತ ರಜೆ ಸಿಗಲಿ, ಹೋದವರು ನಗುತ್ತಾ ಹೋಗಿ ನಗುತ್ತಾ ಮರಳಲಿ.